ಇಲ್ಲದ ಕಾಯಿಲೆಗೆ ಸೂಜಿ ಯಾಕೆ?

ಪಾಂಡವಪುರದ ಕಡೆಯ ಅಜ್ಜಿಯೊಬ್ಬರು ಬರೆದಿದ್ದಾರೆ: “ಮೊಮ್ಮಗಳಿಗೆ ಒಂಬತ್ತು ತಿಂಗಳು ತುಂಬಿತು. ದಡಾರದ ಸೂಜಿ ಹಾಕಿಸಿ ಅಂತ ಆಶಾ ಹುಡುಗಿ ಮನೆಗೇ ಬಂದು ಹೇಳಿ ಹೋದಳು. ಹೋದ ಸಲ ಹಾಕಿಸಿದ ರಾತ್ರಿ ಮಗು ಜ್ವರದಲ್ಲಿ ಕಣ್ಣೇ ಮುಚ್ಚಲಿಲ್ಲ. ನಮ್ಮ ಬೀದಿಯಲ್ಲಿ ದಡಾರ ಕಂಡು ಎಷ್ಟೋ ವರ್ಷವಾಯಿತು. ಇಲ್ಲದ ಕಾಯಿಲೆಗೆ ಸುಮ್ನೆ ಮಗುವನ್ನು ಯಾಕೆ ಅಳಿಸಬೇಕು?”

ಅಮ್ಮಾ, ನಿಜವಾಗಿ ಇಲ್ಲದ ಕಾಯಿಲೆಗೆ ಯಾರೂ ಮಕ್ಕಳಿಗೆ ಸೂಜಿ ಹಾಕುವುದಿಲ್ಲ. ನನ್ನ ತಾಯಿಯ ತೋಳಿನಲ್ಲಿ ನಾಲ್ಕಾಣೆ ಅಗಲದ ಎರಡು ಗುಳಿಗಳಿವೆ, ಮೈಲಿ, ಅಂದರೆ ಸಿಡುಬಿನ ಲಸಿಕೆ, ಹಾಕಿಸಿದ ಗುರುತು. ನಿಮ್ಮ ತೋಳಲ್ಲೂ ಇರಬಹುದು. ಮೊಮ್ಮಗಳಿಗೆ ಆ ಲಸಿಕೆ ಇಲ್ಲ, ಯಾಕೆಂದರೆ ಸಿಡುಬು 1975ರಲ್ಲಿ ನಮ್ಮ ದೇಶ ಬಿಟ್ಟಿತು, 1980ರಲ್ಲಿ ಜಗತ್ತಿನಿಂದಲೇ ಹೋಯಿತೆಂದು ಸಾರಿದರು. (1805ರ ಸುಮಾರಿಗೆ ಥಾಮಸ್ ಹಿಕ್ಕಿ ಬರೆದ ಚಿತ್ರವೊಂದರಲ್ಲಿ ಮೈಸೂರಿನ ರಾಣಿಯೊಬ್ಬರು ಸೆರಗು ಸರಿಸಿ ತೋಳು ತೋರಿಸುತ್ತಾರೆ. ಅದು ಮೈಲಿ ಹಾಕಿಸಿಕೊಂಡ ಜಾಗ ಎಂದು ಇತಿಹಾಸಕಾರರೊಬ್ಬರು ವಾದಿಸಿದ್ದಾರೆ. ಅರಮನೆಯವರೇ ತೋರಿಸಿದರೆ ಊರು ಒಪ್ಪುತ್ತದೆ, ಅಲ್ವಾ?)

ದಡಾರ ಹಾಗೆ ಹೋಗಿಲ್ಲ. ನಿಮ್ಮ ಬೀದಿಗೆ ಬಂದಿಲ್ಲ, ಅಷ್ಟೇ. ಅದು ಬರದ ಹಾಗೆ ತಡೆದಿರುವುದು ಅಕ್ಕಪಕ್ಕದ ಮನೆಯ ಮಕ್ಕಳು ಹಾಕಿಸಿಕೊಂಡ ಸೂಜಿ. ಈ ಕಾಯಿಲೆ ಗಾಳಿಯಲ್ಲಿ ಹರಡುತ್ತದೆ. ಕಾಯಿಲೆಯವರು ಎದ್ದು ಹೋದ ಮೇಲೂ ಎರಡು ಗಂಟೆ ಆ ಕೋಣೆಯಲ್ಲಿ ವೈರಸ್ ಇರಬಲ್ಲದು. ಲಸಿಕೆ ಇಲ್ಲದವರ ನಡುವೆ ಒಬ್ಬರಿಂದ 12ರಿಂದ 18 ಜನರಿಗೆ ಅಂಟುತ್ತದೆ. ಮಂಡ್ಯದಿಂದ ಮೈಸೂರಿಗೆ ಹೋಗುವ ಬೆಳಗಿನ ಬಸ್ಸು ನೆನೆಸಿಕೊಳ್ಳಿ, ಸಾಕು. ಬಂದರೆ ಬರೀ ಗಂದೆಗೆ ಮುಗಿಯುವುದಿಲ್ಲ. ನ್ಯುಮೋನಿಯಾ ಆಗಬಹುದು, ಭೇದಿ ಹಿಡಿಯಬಹುದು, ಕಣ್ಣು ಹೋದ ಮಕ್ಕಳೂ ಇದ್ದಾರೆ.

ಇನ್ನು ಜ್ವರದ ಮಾತು. ಹೋದ ಸಲದ್ದು ಹದಿನಾಲ್ಕನೇ ವಾರದ ಪೆಂಟಾ, ಅಂದರೆ ಐದು ಕಾಯಿಲೆಗೆ ಸೇರಿಸಿ ಹಾಕುವ ಒಂದೇ ಸೂಜಿ, ಇರಬೇಕು. ಅದರ ಜ್ವರ ಸಾಮಾನ್ಯವಾಗಿ ಅವತ್ತೇ ಬಂದು ಒಂದೆರಡು ದಿನದಲ್ಲಿ ಇಳಿಯುತ್ತದೆ. ಈಗ ಹಾಕಿಸಬೇಕಾದ ದಡಾರದ ಸೂಜಿಯಲ್ಲಿ ರುಬೆಲ್ಲಾ ಎಂಬ ಇನ್ನೊಂದು ಗಂದೆ ಕಾಯಿಲೆಯ ಲಸಿಕೆಯೂ ಸೇರಿದೆ, ಅದರದು ಬೇರೆ ಲೆಕ್ಕ. ಎಲ್ಲರಿಗೂ ಬರುವುದಿಲ್ಲ, ಬಂದರೆ ವಾರ ಕಳೆದ ಮೇಲೆ, ಏಳರಿಂದ ಹನ್ನೆರಡನೇ ದಿನದೊಳಗೆ. ಸಣ್ಣ ಗಂದೆಯೂ ಏಳಬಹುದು. ಅಷ್ಟು ಹೊತ್ತಿಗೆ ಸೂಜಿ ಮರೆತೇ ಹೋಗಿರುತ್ತದೆ, “ಹಲ್ಲು ಬರ್ತಿದೆ” ಅಂದುಬಿಡುತ್ತಾರೆ. ಜ್ವರ ಜಾಸ್ತಿಯಾದರೆ ಅಥವಾ ಮಗು ಮಂಕಾದರೆ ಮಾತ್ರ ಕಾಯಬೇಡಿ, ಡಾಕ್ಟರಿಗೆ ತೋರಿಸಿ.

ಒಂದೇ ಸಲಕ್ಕೆ ಬಿಡಬೇಡಿ. ಒಂಬತ್ತು ತಿಂಗಳಲ್ಲಿ ಹಾಕಿಸಿದರೆ ನೂರರಲ್ಲಿ ಸುಮಾರು 85 ಮಕ್ಕಳಿಗೆ ಮಾತ್ರ ಅದು ನಾಟುತ್ತದೆ. ಉಳಿದವರಿಗಾಗಿಯೇ 16ರಿಂದ 24 ತಿಂಗಳೊಳಗಿನ ಎರಡನೆಯದು. ಹೋಗುವಾಗ ತಾಯಿ ಕಾರ್ಡ್ ಮರೆಯಬೇಡಿ. ಈ ಸಲ ವಿಟಮಿನ್ ಎ ಹನಿಯನ್ನೂ ಕೊಡುತ್ತಾರೆ, ಕೇಳಿ ಹಾಕಿಸಿ.

— ಸಂ.