ರಾತ್ರಿ ಫೋನ್ ಹೊಡೆದರೆ ಮೊದಲು ವಾಲ್ವ್ ಬಂದ್ ಮಾಡಿ

ಗದಗಿನ ಅಣ್ಣಾರ ಪ್ರಶ್ನೆ ಬೆಳಿಗ್ಗೆಯೇ ನೋಡಿದ್ದೆ. ಬರೆಯಲು ಈಗ ಪುರುಸೊತ್ತಾಯಿತು. ಈಗ ಓದುತ್ತಿರುವವರಿಗೆ: ಅವರು ಮನೆಯಿಂದಲೇ ಸಾಫ್ಟ್‌ವೇರ್ ಕಂಪನಿಯ ಕೆಲಸ ಮಾಡುತ್ತಾರೆ, ಜೊತೆಗೆ ಎರಡೆಕರೆ ಉಳ್ಳಾಗಡ್ಡಿ ಹಾಕಿದ್ದಾರೆ. ತಂಡದಲ್ಲಿ ಮೂವರೇ ಇರುವುದರಿಂದ ಮೂರು ವಾರಕ್ಕೊಮ್ಮೆ ಆನ್-ಕಾಲ್ ಪಾಳಿ, ಅಂದರೆ ಸರ್ವರ್ ಕೆಟ್ಟರೆ ಯಾವ ಹೊತ್ತಿನಲ್ಲಾದರೂ ಎದ್ದು ಸರಿಮಾಡಬೇಕು. ಆ ವಾರ ಪ್ರತಿ ರಾತ್ರಿ ಐದಾರು ಸಲ ಫೋನ್ ಹೊಡೆದುಕೊಳ್ಳುತ್ತದೆ. ನಿದ್ದೆಯೂ ಇಲ್ಲ, ತ್ರೀ ಫೇಸ್ ಬಂದಾಗ ಮೋಟರ್ ಚಾಲು ಮಾಡಲೂ ಆಗುತ್ತಿಲ್ಲ. ಕೆಲಸ ಬಿಡಲಾ ಎಂದು ಕೇಳಿದ್ದಾರೆ. ಹೊಲದ ಗುಂಪಿನಲ್ಲಿ ಇದೆಲ್ಲ ಯಾಕೆ ಎಂದು ಇಬ್ಬರು ಗೊಣಗಿದ್ದಾರೆ. ಇರಲಿ ಬಿಡಿ, ಇಲ್ಲಿ ಅರ್ಧ ಜನ ಲ್ಯಾಪ್‌ಟಾಪ್ ಹಿಡಿದೇ ಬದುವಿನ ಮೇಲೆ ಕೂಡುವವರು.

ನಾನು ಹುಬ್ಬಳ್ಳಿಯಲ್ಲಿ ಕೂತು ಹನ್ನೊಂದು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಅಣ್ಣಾರೇ, ಈಗಲೇ ಬಿಡಬೇಡಿ.

ಹೊಲದಲ್ಲಿ ಪೈಪ್ ಒಡೆದು ನೀರು ಮಡಿಗೆ ನುಗ್ಗುತ್ತಿದ್ದರೆ ಏನು ಮಾಡುತ್ತೀರಿ? ಓಡಿ ಹೋಗಿ ವಾಲ್ವ್ ಬಂದ್ ಮಾಡುತ್ತೀರಿ. ಇಲಿ ಕಡಿಯಿತೋ, ಟ್ರ್ಯಾಕ್ಟರ್ ಹಾಯಿತೋ ಅಂತ ಆಮೇಲೆ ನೋಡುತ್ತೀರಿ. ರಾತ್ರಿ ಎರಡಕ್ಕೆ ಎದ್ದ ಎಂಜಿನಿಯರ್ ಮಾತ್ರ ಲಾಗ್ (ಸರ್ವರ್ ತಾನೇ ಬರೆದಿಡುವ ದಾಖಲೆ) ತೆರೆದು ಇಲಿ ಹುಡುಕುತ್ತಾ ಕೂಡುತ್ತಾನೆ. ನಾನೂ ಹಾಗೆ ಕೂತಿದ್ದೆ. ಹಿಂದಿನ ಕಂಪನಿಯಲ್ಲಿ ಒಂದು ರಾತ್ರಿ ಹಣ ಕಟ್ಟುವ ಪುಟ ನಿಂತುಹೋಯಿತು. ಒಂದೂವರೆ ತಾಸು ಕಾರಣ ಹುಡುಕಿದೆ. ಸಂಜೆ ಹೊಸ ಆವೃತ್ತಿ ಹಾಕಿದ್ದು ಗೊತ್ತಿತ್ತು. ಹಳೆಯದಕ್ಕೆ ಹಿಂತಿರುಗಿದ್ದರೆ ಆರೇ ನಿಮಿಷದ ಕೆಲಸ. ಯಾಕೆ ಮಾಡಲಿಲ್ಲ ಅಂದರೆ, ಕಾರಣ ತಿಳಿಯದೆ ಕೈ ಹಚ್ಚುವುದು ನಾಚಿಕೆ ಅನ್ನಿಸಿತ್ತು! ಈಗ ನನ್ನ ಮೊದಲ ಪ್ರಶ್ನೆ ಒಂದೇ: ಕೊನೆಗೆ ಏನು ಬದಲಾಯಿತು? ಅದನ್ನು ವಾಪಸ್ ತಗೋ. ಡೇಟಾಬೇಸ್‌ನ ರಚನೆಯೇ ಬದಲಾಗಿದ್ದರೆ ಹೀಗೆ ಹಿಂತಿರುಗುವುದು (ರೋಲ್‌ಬ್ಯಾಕ್) ಅಷ್ಟು ಸಲೀಸಲ್ಲ. ಅದಕ್ಕೇ ಹೊಸ ಆವೃತ್ತಿ ಹಾಕುವ ಹೊತ್ತಿನಲ್ಲೇ, ಹಗಲಲ್ಲೇ, "ಇದನ್ನು ಹಿಂದಕ್ಕೆ ತರುವುದು ಹೇಗೆ" ಎಂದು ಬರೆಸಿಕೊಳ್ಳಿ.

ಇನ್ನು ಐದಾರು ಸಲ ಫೋನ್ ಬರುವ ವಿಷಯ. ನಿಜವಾದ ರೋಗ ಇದೇ. ಒಂದು ವಾರ ನೋಟ್‌ಬುಕ್‌ನಲ್ಲಿ ಬರೆಯಿರಿ: ಎಷ್ಟು ಹೊತ್ತಿಗೆ ಬಂತು, ಏನೆಂದು ಬಂತು, ನಾನು ಏನು ಮಾಡಿದೆ. ನಾನು ಬರೆದಾಗ 31 ಅಲರ್ಟ್ (ಯಂತ್ರ ತಾನೇ ಕಳಿಸುವ ಎಚ್ಚರಿಕೆ) ಬಂದಿದ್ದವು. ಅದರಲ್ಲಿ 23ರ ಮುಂದೆ "ಏನೂ ಮಾಡಲಿಲ್ಲ, ತಾನೇ ಸರಿಹೋಯಿತು" ಅಂತ ಇತ್ತು. ಸಿಪಿಯು 80 ಶೇಕಡಾ ದಾಟಿತು ಅಂತ ಮನುಷ್ಯನನ್ನು ಎಬ್ಬಿಸಬಾರದು. ಗಿರಾಕಿಗೆ ಪುಟ ತೆರೆಯುತ್ತಿಲ್ಲ, ಹಣ ಕಟ್ಟಲು ಆಗುತ್ತಿಲ್ಲ ಅಂದರೆ ಎಬ್ಬಿಸಲಿ. ಡಿಸ್ಕ್ ಮುಕ್ಕಾಲು ತುಂಬಿದೆ ಅನ್ನುವುದು ಬೆಳಿಗ್ಗೆಯ ಪಟ್ಟಿಗೆ ಹೋಗಲಿ. ಇದೇ ವೇಗದಲ್ಲಿ ನಾಲ್ಕು ತಾಸಿನಲ್ಲಿ ತುಂಬುತ್ತದೆ ಅಂದರೆ ಮಾತ್ರ ಫೋನ್.

ಸಾಹೇಬರ ಹತ್ತಿರ ಹೋಗುವಾಗ ಆ ನೋಟ್‌ಬುಕ್ ಜೊತೆಗೆ ಇನ್ನೊಂದು ಲೆಕ್ಕ ಒಯ್ಯಿರಿ. 12 ತಾಸಿನ ಪಾಳಿಗೆ ಎರಡಕ್ಕಿಂತ ಜಾಸ್ತಿ ಇನ್ಸಿಡೆಂಟ್ (ಕೈ ಹಾಕಲೇಬೇಕಾದ ತೊಂದರೆ) ಬರಬಾರದು ಎಂದು ಗೂಗಲ್‌ನವರೇ ಬರೆದಿದ್ದಾರೆ. ಒಂದೊಂದರ ಕಾರಣ ಹುಡುಕಿ, ಸರಿಮಾಡಿ, ಬರೆದಿಡಲು ಸರಾಸರಿ 6 ತಾಸು ಹಿಡಿಯುತ್ತದಂತೆ. ಒಂದೇ ಊರಿನ ತಂಡಕ್ಕೆ ಕನಿಷ್ಠ 8 ಜನ ಬೇಕು ಅನ್ನುತ್ತಾರೆ. ನೀವು ಮೂವರು. ಎಂಟು ಜನರನ್ನು ನಿಮ್ಮ ಕಂಪನಿ ಕೊಡುವುದಿಲ್ಲ, ಗೊತ್ತು. ಹಾಗಾದರೆ ಅಲರ್ಟ್ ಕಡಿಮೆಯಾಗಲಿ, ರಾತ್ರಿ ಎದ್ದವನಿಗೆ ಮರುದಿನ ಮಧ್ಯಾಹ್ನದವರೆಗೆ ರಜೆ ಸಿಗಲಿ. ಸರ್ವರ್ 99.99 ಶೇಕಡಾ ಹೊತ್ತು ನಡೆಯುತ್ತಲೇ ಇರಬೇಕು ಎಂದು ಸಾಹೇಬರು ಅಂದರೆ ಹೇಳಿ: 30 ದಿನಕ್ಕೆ ನಾಲ್ಕು ನಿಮಿಷ ಚಿಲ್ಲರೆ ಮಾತ್ರ ನಿಲ್ಲಬಹುದು. ನನಗೆ ಚಸ್ಮಾ ಹುಡುಕಲೇ ಅಷ್ಟು ಹೊತ್ತು ಬೇಕು. ಅದು ಮನುಷ್ಯನ ಕೈಲಿ ಆಗುವುದಲ್ಲ, ಯಂತ್ರವೇ ಹಿಂದಕ್ಕೆ ತರಬೇಕು. 99.9 ಅಂದರೆ 43 ನಿಮಿಷ, ಅದು ಮನುಷ್ಯನಿಂದ ಆಗುವ ಮಾತು.

ದೊಡ್ಡದು ಬಂದಾಗ ಒಬ್ಬರೇ ಕೂಡಬೇಡಿ. ಒಬ್ಬರದು ಕೈ, ಇನ್ನೊಬ್ಬರದು ಬಾಯಿ. ಕೀಬೋರ್ಡ್ ಮೇಲಿರುವವರಿಗೆ ಯಾರೂ ಫೋನ್ ಮಾಡಬಾರದು. ಬಾಯಿಯವರು ಅರ್ಧ ತಾಸಿಗೊಮ್ಮೆ "ಇನ್ನೂ ಸರಿಯಾಗಿಲ್ಲ, ಇಂಥದ್ದು ಮಾಡುತ್ತಿದ್ದೇವೆ" ಎಂದು ಬರೆದರೆ ಸಾಕು. ಅಳಿಸುವ ಆಜ್ಞೆ ಏನಾದರೂ ಕೊಡಬೇಕಿದ್ದರೆ ಇನ್ನೊಬ್ಬರಿಗೆ ತೋರಿಸದೆ ಎಂಟರ್ ಒತ್ತಲೇಬೇಡಿ. 2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಎಂಬ, ಸಾಫ್ಟ್‌ವೇರ್ ಕೋಡ್ ಇಟ್ಟುಕೊಳ್ಳುವ ತಾಣದ ಎಂಜಿನಿಯರ್ ಒಬ್ಬರು ಎರಡನೇ ಸರ್ವರ್ ಅಂದುಕೊಂಡು ಮುಖ್ಯ ಸರ್ವರ್‌ನ ಡೇಟಾಬೇಸನ್ನೇ ಅಳಿಸಿದರು. ಒಂದೆರಡು ಸೆಕೆಂಡಿನಲ್ಲಿ ತಿಳಿದು ನಿಲ್ಲಿಸಿದರೂ ಸುಮಾರು 300 ಜಿಬಿ ಹೋಗಿತ್ತು. ರೋಜಿನ ಬ್ಯಾಕಪ್ ನೋಡಿದರೆ ಅದು ಆಗುತ್ತಲೇ ಇರಲಿಲ್ಲ, ಅದನ್ನು ತಿಳಿಸುವ ಮೇಲ್‌ಗಳೂ ತಲುಪುತ್ತಿರಲಿಲ್ಲ. ಬೇರೆ ಕೆಲಸಕ್ಕೆಂದು 6 ತಾಸು ಮೊದಲು ತೆಗೆದಿಟ್ಟ ಪ್ರತಿಯೊಂದು ಸಿಕ್ಕಿದ್ದಕ್ಕೆ ಬಚಾವಾದರು. ಆ ಎಂಜಿನಿಯರ್ ಮೇಲೆ ತಪ್ಪು ಹೊರಿಸದೆ ಎಲ್ಲವನ್ನೂ ಬರೆದು ಹೊರಗೆ ಹಾಕಿದರು. ಬೈದಿದ್ದರೆ ಬ್ಯಾಕಪ್‌ನ ಕತೆ ಹೊರಗೆ ಬರುತ್ತಿರಲಿಲ್ಲ ಅನ್ನಿಸುತ್ತದೆ.

ಮೋಟರ್ ವಿಷಯಕ್ಕೆ ಬರೋಣ. ಆನ್-ಕಾಲ್ ವಾರಕ್ಕೆ ಆಟೋ ಸ್ಟಾರ್ಟರ್ ಹಾಕಿಸುತ್ತೇನೆ ಎಂದಿದ್ದೀರಿ. ಹಾಕಿಸಿ, ಆದರೆ ತಡವಾಗಿ ಚಾಲು ಆಗುವ ಟೈಮರ್ ಇರುವುದನ್ನೇ ಹಾಕಿಸಿ. ಕರೆಂಟ್ ಬಂದ ಕೂಡಲೇ ಸುತ್ತಲಿನ ಹೊಲದ ಎಲ್ಲಾ ಮೋಟರ್ ಒಟ್ಟಿಗೆ ಎದ್ದರೆ ಟಿಸಿ (ಟ್ರಾನ್ಸ್‌ಫಾರ್ಮರ್) ಸುಡುತ್ತದೆ, ನಿಮಗೇ ಗೊತ್ತಲ್ವಾ? ಸರ್ವರ್‌ಗೂ ಥೇಟ್ ಇದೇ ಆಗುತ್ತದೆ. ಕಷ್ಟಪಟ್ಟು ಎಬ್ಬಿಸುತ್ತೀರಿ, ಅಷ್ಟರಲ್ಲಿ ಕಾದಿದ್ದ ಸಾವಿರಾರು ಫೋನ್‌ಗಳ ಆ್ಯಪ್ ಒಂದೇ ಸಲ ಬಡಿಯುತ್ತವೆ, ಮತ್ತೆ ಮಲಗುತ್ತದೆ. ಆ್ಯಪ್ ಮಾಡುವವರಿಗೆ ಹೇಳಿ: ಸೋತರೆ ತಕ್ಷಣ ಮತ್ತೆ ಕೇಳಬಾರದು. ಒಂದು ಸೆಕೆಂಡ್, ಎರಡು, ನಾಲ್ಕು, ಹೀಗೆ ಬಿಡುವು ಹೆಚ್ಚಿಸುತ್ತಾ ಹೋಗಬೇಕು. ಎಲ್ಲರ ಬಿಡುವೂ ಒಂದೇ ಆಗದಂತೆ ಸ್ವಲ್ಪ ಹೆಚ್ಚುಕಡಿಮೆಯೂ ಇರಬೇಕು. ಅಲ್ಲಿಯವರೆಗೆ ನೀವು ಬಾಗಿಲನ್ನು ಪೂರ್ತಿ ತೆರೆಯದೆ, ಮೊದಲು ಹತ್ತರಲ್ಲಿ ಒಬ್ಬರನ್ನು ಮಾತ್ರ ಒಳಗೆ ಬಿಡಿ.

ರೂಟರ್‌ಗೆ ಇನ್ವರ್ಟರ್ ಇದೆಯಾ ನೋಡಿಕೊಳ್ಳಿ, ಬೇರೆ ಕಂಪನಿಯ ಸಿಮ್ ಒಂದು ಇಟ್ಟುಕೊಳ್ಳಿ. ಹೊಲಕ್ಕೆ ಹೋಗುವ ಎರಡು ತಾಸು ಪಾಳಿಯನ್ನು ತಂಡದ ಜೊತೆಗಾರರಿಗೆ ಒಪ್ಪಿಸಿ ಹೋಗಿ. ಸಿಗ್ನಲ್ ಸಿಗದ ಹೊಲದಲ್ಲಿ ನಿಂತು "ನಾನಿದ್ದೇನೆ" ಅನ್ನುವುದು ಬೇಡ.

ಎರಡು ತಿಂಗಳು ಹೀಗೆ ಮಾಡಿಯೂ ಸಾಹೇಬರು ನೋಟ್‌ಬುಕ್ ತಿರುವಿ ನೋಡದಿದ್ದರೆ ಬೇರೆ ಕಂಪನಿ ಹುಡುಕೋಣ, ನಾನೂ ಕೇಳಿ ನೋಡುತ್ತೇನೆ. ಸದ್ಯಕ್ಕೆ ಕಂಪನಿಯ ಹೆಸರು ಅಳಿಸಿ ಅಲರ್ಟ್‌ಗಳ ಪಟ್ಟಿ ಕಳಿಸಿ. ಭಾನುವಾರ ನೋಡಿ ಹೇಳುತ್ತೇನೆ. ಶನಿವಾರದವರೆಗೆ ನಂದೇ ಪಾಳಿ.