‘ಇನ್ನೊಂದ್ಸಲ ಓಡಿಸಿ ನೋಡಿ’ ಅನ್ನುವ ಮ್ಯಾನೇಜರ್

ಪ್ರಶ್ನೆ: ಪುಣೆ ಹತ್ತಿರದ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಯುದ್ಧವಿಮಾನದ ಎಲೆಕ್ಟ್ರಾನಿಕ್ಸ್ ಪೆಟ್ಟಿಗೆಗಳ ಟೆಸ್ಟಿಂಗ್‌ನಲ್ಲಿ ಒಂಬತ್ತು ವರ್ಷ ಕಳೆದಿದ್ದೇನೆ. ಈಗ ಆರು ಜನರ ಮೇಲೆ ಮ್ಯಾನೇಜರ್ ಮಾಡುತ್ತೇವೆ ಅನ್ನುತ್ತಿದ್ದಾರೆ. ಟೆಸ್ಟಿಂಗ್‌ನಲ್ಲೇ ಉಳಿದರೆ ದಾರಿ ಮುಚ್ಚಿದಂತೆ, ಡಿಸೈನ್‌ಗೆ ಹೋಗು ಅಂತ ಗೆಳೆಯರ ಸಲಹೆ. ಏನು ಮಾಡಲಿ? (ಪಿಂಪ್ರಿ)

ಉತ್ತರ: ಇದೇ ಪ್ರಶ್ನೆ, ಊರಿನ ಹೆಸರು ಮಾತ್ರ ಬೇರೆ, ಪದೇ ಪದೇ ಬರುತ್ತದೆ. ಡಿಸೈನ್ ದೊಡ್ಡದು, ಟೆಸ್ಟಿಂಗ್ ಚಿಕ್ಕದು ಅನ್ನುವವರು ಟೆಸ್ಟ್ ವರದಿಯ ಕೆಳಗೆ ಸಹಿ ಹಾಕಿ ನೋಡಿಲ್ಲ. ಮ್ಯಾನೇಜರ್ ಕೆಲಸ ಒಪ್ಪಿಕೊಳ್ಳಿ. ಆದರೆ ಮೊದಲು ಎರಡು ಸಂಗತಿ ತಿಳಿದುಕೊಳ್ಳಿ. ಒಂದು, ನಿಮ್ಮ ಮೇಲಿನವರು ಯಾರು? ಪ್ರೊಡಕ್ಷನ್ ಮುಖ್ಯಸ್ಥರೇ ಆದರೆ ಮಾರ್ಚ್ 31ರ ರಾತ್ರಿ ನಿಮ್ಮ ಸಹಿಗೆ ಎಷ್ಟು ಬೆಲೆ ಅಂತ ನಿಮಗೇ ಗೊತ್ತು. ಎರಡು, ಕಳೆದ ಮೂರು ತಿಂಗಳ ಫೇಲ್ ದಾಖಲೆ ತೋರಿಸಿ ಅನ್ನಿ. ಒಂದೂ ಫೇಲ್ ಇಲ್ಲವೆಂದರೆ ಪೆಟ್ಟಿಗೆಗಳು ಅಷ್ಟು ಚೆನ್ನಾಗಿವೆ ಅಂತ ತಿಳಿಯಬೇಡಿ, ಬರೆದಿಡುವವರಿಲ್ಲ ಅಷ್ಟೆ.

ಟೆಸ್ಟ್ ಮ್ಯಾನೇಜರ್‌ಗಳು ಕೆಡುವುದು ಒಂದೇ ಮಾತಿನಿಂದ: ‘ಇನ್ನೊಂದ್ಸಲ ಓಡಿಸಿ ನೋಡಿ.’ ಚಳಿ-ಬಿಸಿಯ ಪರೀಕ್ಷೆ ಮಾಡುವ ಚೇಂಬರ್ ಒಳಗೆ ಮೈನಸ್ 40 ಡಿಗ್ರಿಯಲ್ಲಿ ಪೆಟ್ಟಿಗೆ ಫೇಲ್ ಆಯಿತು ಅನ್ನಿ. ಹುಡುಗ ಪವರ್ ತೆಗೆದ, ಕನೆಕ್ಟರ್ ಬಿಚ್ಚಿ ಹಾಕಿದ, ಮತ್ತೆ ಓಡಿಸಿದ, ಪಾಸ್. ಪ್ರಿಂಟ್ ಫೈಲ್ ಸೇರಿತು. ಬಿಚ್ಚಿ ಹಾಕುವಾಗ ಪಿನ್ ಉಜ್ಜಿಕೊಂಡು ಮೇಲಿನ ಪೊರೆ ಹೋಯಿತು, ಅದರ ಜೊತೆ ಸಾಕ್ಷಿಯೂ ಹೋಯಿತು. ಪುಣೆಯ ಲೋಹೆಗಾಂವ್ ವಾಯುನೆಲೆಯಲ್ಲೋ ಗೋವಾದ ದಾಬೋಲಿಮ್ ನೌಕಾ ವಾಯುನೆಲೆಯಲ್ಲೋ ವಿಮಾನದೊಳಗೆ ಅದು ಮತ್ತೆ ಕೈಕೊಡುತ್ತದೆ, ವಾಪಸ್ ಬರುತ್ತದೆ, ನಿಮ್ಮ ಬೆಂಚ್ ಮೇಲೆ ಮತ್ತೆ ಪಾಸ್ ಆಗುತ್ತದೆ. ‘ದೋಷ ಕಾಣಲಿಲ್ಲ’ ಅಂತ ಚೀಟಿ ಅಂಟಿಸಿ ಕಳಿಸುತ್ತೀರಿ.

ಫೇಲ್ ಬಂದ ಕ್ಷಣ ಕೈ ಕಟ್ಟಿ ನಿಲ್ಲಿ. ಸುಟ್ಟ ವಾಸನೆ ಬಂದರೆ ಮಾತು ಬೇರೆ, ಇಲ್ಲದಿದ್ದರೆ ಪವರ್ ತೆಗೆಯಬೇಡಿ. ಯಾವ ಟೆಸ್ಟ್ ನಂಬರ್, ಅಳತೆ ಎಷ್ಟು, ಮಿತಿ ಎಷ್ಟು, ಪೆಟ್ಟಿಗೆಯ ಮೈಗೆ ಅಂಟಿಸಿದ ಥರ್ಮೋಕಪಲ್ (ತಾಪ ಅಳೆಯುವ ತಂತಿ) ಏನು ತೋರಿಸುತ್ತಿದೆ, ಪವರ್ ಕೊಟ್ಟು ಎಷ್ಟು ನಿಮಿಷವಾಯಿತು, ಎಲ್ಲ ಬರೆದುಕೊಳ್ಳಿ. ಆಮೇಲೆ ವೋಲ್ಟೇಜನ್ನು ಪೆಟ್ಟಿಗೆಯ ಕನೆಕ್ಟರ್ ಹತ್ತಿರವೇ ಅಳೆಯಿರಿ, ಪವರ್ ಸಪ್ಲೈ ಡಿಸ್‌ಪ್ಲೇ ನಂಬಬೇಡಿ. 28 ವೋಲ್ಟ್ ಡಿಸಿ ಪೆಟ್ಟಿಗೆಗೆ ವಿಮಾನದ ವಿದ್ಯುತ್ತಿಗೆ ಇರುವ ಅಮೆರಿಕದ ಮಿಲಿಟರಿ ಮಾನದಂಡ, ಮಿಲ್-ಸ್ಟ್ಯಾಂಡರ್ಡ್ 704 ಪ್ರಕಾರ ಕೆಳಮಿತಿ 22 ವೋಲ್ಟ್. ಹೋಗಿ ಬರುವ ತಂತಿ ಸೇರಿ 0.3 ಓಮ್ ಇದ್ದು 5 ಆಂಪಿಯರ್ ಹರಿದರೆ 1.5 ವೋಲ್ಟ್ ದಾರಿಯಲ್ಲೇ ಖರ್ಚು. ಡಿಸ್‌ಪ್ಲೇಯಲ್ಲಿ 22, ಪೆಟ್ಟಿಗೆಗೆ ಸಿಕ್ಕಿದ್ದು 20.5. ಅದು ರೀಸೆಟ್ ಆದರೆ ಡಿಸೈನರ್ ಮೇಲೆ ಕೂಗಾಡುತ್ತೀರಿ. ತಲುಪಿದ ವೋಲ್ಟೇಜ್ ಎಷ್ಟು ಅಂತ ಪವರ್ ಸಪ್ಲೈಗೆ ತಿಳಿಸುವ ಸೆನ್ಸ್ ತಂತಿಗಳನ್ನು ಪೆಟ್ಟಿಗೆಯ ಕನೆಕ್ಟರ್‌ವರೆಗೂ ಎಳೆಯಿರಿ.

ಇಷ್ಟಾದ ಮೇಲೂ ದೋಷ ಉಳಿದರೆ ಒಂದು ಸಲಕ್ಕೆ ಒಂದೇ ವಸ್ತು ಬದಲಿಸಿ: ಮೊದಲು ಕೇಬಲ್, ಆಮೇಲೆ ಅಡಾಪ್ಟರ್, ಕೊನೆಗೆ ಚೆನ್ನಾಗಿದೆ ಅಂತ ಗೊತ್ತಿರುವ ಇನ್ನೊಂದು ಪೆಟ್ಟಿಗೆ. ಎರಡನ್ನು ಒಟ್ಟಿಗೆ ಬದಲಿಸಿದರೆ ವಾಸಿಯಾದದ್ದು ಯಾವುದರಿಂದ ಅಂತ ಯಾರೂ ಹೇಳಲಾರರು. ಇನ್ನು, ಪುಣೆಯ ಜುಲೈ ತಿಂಗಳಲ್ಲಿ ಮೈನಸ್ 40ರಲ್ಲಿ ಚೇಂಬರ್ ಬಾಗಿಲು ತೆಗೆಯುವವರಿಗೆ ಕೈಮುಗಿಯುತ್ತೇನೆ. ತೇವ ಒಳನುಗ್ಗಿ ಬೋರ್ಡ್ ಬೆವರುತ್ತದೆ, ಇಲ್ಲದ ವಿದ್ಯುತ್ ಸೋರಿಕೆ ಹುಟ್ಟುತ್ತದೆ. ಕೋಣೆಗಿಂತ ನಾಲ್ಕೈದು ಡಿಗ್ರಿ ಮೇಲಕ್ಕೆ ಬಂದ ಮೇಲೆ ಬಾಗಿಲು ತೆಗೆಯಿರಿ. ಸಂಜೆ ಏಳರ ಕಂಪನಿ ಬಸ್ಸಿಗೆ ತಡವಾದರೆ ಆಗಲಿ.

ಈ ಶಿಸ್ತನ್ನು ಆರು ಜನರಿಗೆ ಹತ್ತಿಸುವುದೇ ನಿಮ್ಮ ಮ್ಯಾನೇಜರ್‌ಗಿರಿ. ಎಕ್ಸೆಲ್ ಶೀಟಿನ ಬಣ್ಣ ಆಮೇಲೆ. ವಾರಕ್ಕೊಂದು ದಿನವಾದರೂ ನೀವೇ ಪ್ರೋಬ್ ಹಿಡಿಯಿರಿ.

ಪ್ರಶ್ನೆ: ಮ್ಯಾನೇಜರ್ ಆಗಲು ಎಂಬಿಎ ಬೇಕೇ? (ಮಾಟುಂಗಾ)

ಉತ್ತರ: ಬೇಡ.

ಪ್ರಶ್ನೆ: ಮೂರು ತಿಂಗಳಲ್ಲಿ ‘ಮಿಲ್-ಸ್ಟ್ಯಾಂಡರ್ಡ್ ಸರ್ಟಿಫೈಡ್ ಎಂಜಿನಿಯರ್’ ಮಾಡುತ್ತೇವೆ ಅನ್ನುವ ಕೋರ್ಸ್ ಸೇರಬಹುದೇ? (ಡೊಂಬಿವಲಿ)

ಉತ್ತರ: ಆ ಸ್ಟ್ಯಾಂಡರ್ಡ್‌ಗಳು ಇರುವುದು ಉಪಕರಣಕ್ಕೆ, ಮನುಷ್ಯರಿಗಲ್ಲ. ನಮ್ಮಲ್ಲಿ ಮಿಲಿಟರಿ ಉಪಕರಣ ಹಾರಾಟಕ್ಕೆ ಯೋಗ್ಯ ಅಂತ ಒಪ್ಪಿಗೆ ಕೊಡುವುದು ಸೆಮಿಲ್ಯಾಕ್, ಗುಣಮಟ್ಟ ನೋಡುವುದು ಡಿಜಿಎಕ್ಯೂಎ. ಹಣೆಗೆ ಸರ್ಟಿಫಿಕೇಟ್ ಅಂಟಿಸುವವರಿಗೆ ದುಡ್ಡು ಸುರಿಯಬೇಡಿ. ಪೆಟ್ಟಿಗೆ ‘810 ಪಾಸ್’ (ಚಳಿ, ಬಿಸಿ, ಕಂಪನದಂಥ ಪರೀಕ್ಷೆಗಳ ಮಿಲ್-ಸ್ಟ್ಯಾಂಡರ್ಡ್ 810) ಅನ್ನುವ ಬ್ರೋಷರ್‌ಗಳೂ ಇದೇ ಜಾತಿ: ಯಾವ ಮೆಥಡ್, ಯಾವ ಪ್ರೊಸೀಜರ್, ಯಾವ ಮಟ್ಟ ಅಂತ ಹೇಳದಿದ್ದರೆ ಆ ಮಾತಿಗೆ ಅರ್ಥವಿಲ್ಲ.

ಪ್ರಶ್ನೆ: ವಿಮಾನದ ಪೆಟ್ಟಿಗೆಗಳು ಮಾತಾಡಿಕೊಳ್ಳುವ 1553 ಬಸ್ (ಡೇಟಾ ತಂತಿ) ಎರಡು ತುದಿಗೂ 78 ಓಮ್ ಟರ್ಮಿನೇಟರ್ (ತುದಿಯ ರೆಸಿಸ್ಟರ್) ಇದೆ, ನಡುವೆ ಪೆಟ್ಟಿಗೆಯನ್ನು ಬಸ್‌ಗೆ ಜೋಡಿಸುವ ಒಂದು ಕಪ್ಲರ್. ಮೀಟರ್ 39 ತೋರಿಸಬೇಕು, 29 ತೋರಿಸುತ್ತಿದೆ. ಟರ್ಮಿನೇಟರ್ ಕೆಟ್ಟಿದೆಯೇ? (ಠಾಣೆ)

ಉತ್ತರ: ಕೆಟ್ಟಿಲ್ಲ. ಮೀಟರ್ ಅಳೆಯುವುದು ಡಿಸಿ. ಕಪ್ಲರ್ ಒಳಗಿನ ಎರಡು 58.5 ಓಮ್ ರೆಸಿಸ್ಟರ್‌ಗಳು ಸುರುಳಿಯ ಮೂಲಕ 117 ಓಮ್ ಆಗಿ ಪಕ್ಕದಲ್ಲಿ ಕೂತಿವೆ. 39ರ ಜೊತೆ 117 ಸಮಾಂತರವಾದರೆ 29. ಕಪ್ಲರ್ ತೆಗೆದು ಅಳೆಯಿರಿ.

ಪ್ರಶ್ನೆ: ಕಡಲ ಗಾಳಿಗೆ ಕನೆಕ್ಟರ್ ಪಿನ್ ಮಂಕಾಗುತ್ತದೆ. ಪೆನ್ಸಿಲ್ ರಬ್ಬರ್‌ನಿಂದ ಉಜ್ಜಬಹುದೇ? (ವಾಸ್ಕೋ)

ಉತ್ತರ: ಪಿನ್ ಮೇಲಿನ ಚಿನ್ನದ ಲೇಪ ಸುಮಾರು ಒಂದೂಕಾಲು ಮೈಕ್ರಾನ್. ರಬ್ಬರ್ ಅದನ್ನೇ ಕೆರೆದು ಹಾಕುತ್ತದೆ, ಕೆಳಗಿನ ನಿಕ್ಕಲ್ ಬಯಲಾಗುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್, ಮೆತ್ತನೆ ಬ್ರಷ್, ಪೂರ್ತಿ ಒಣಗಿಸಿ ಡಸ್ಟ್ ಕ್ಯಾಪ್. ಅದಕ್ಕೂ ಹೋಗದಿದ್ದರೆ ಪಿನ್ ಬದಲಿಸಿ.