ಚಾರ್ಟರ್ ಶಾಲೆ: ಲಾಟರಿಯಿಂದ ಲಂಚ್ ಡಬ್ಬಿಯವರೆಗೆ

ಈ ಸಲ ಬಂದ ಪ್ರಶ್ನೆಗಳೆಲ್ಲ ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡಿಗ ತಂದೆತಾಯಿಯರವು, ಎಲ್ಲವೂ ಚಾರ್ಟರ್ ಶಾಲೆಯ ಬಗ್ಗೆ. ಉತ್ತರಗಳೂ ಆ ರಾಜ್ಯದ ನಿಯಮಕ್ಕೇ ಸಂಬಂಧಪಟ್ಟವು. ಟೆಕ್ಸಾಸ್, ಅರಿಜೋನಾ ಕಡೆಯವರು ಲಸಿಕೆ, ಹಾಜರಿ, ಊಟದ ವಿಷಯದಲ್ಲಿ ತಮ್ಮ ರಾಜ್ಯದ ನಿಯಮ ನೋಡಿಕೊಳ್ಳಬೇಕು.

ಚಾರ್ಟರ್ ಶಾಲೆ ಖಾಸಗಿಯೋ ಸರ್ಕಾರಿಯೋ? ಫೀಸು ಎಷ್ಟು? (ಸನಿವೇಲ್)

ಸರ್ಕಾರಿ ಶಾಲೆಯೇ, ಫೀಸು ಇಲ್ಲ. ನಮ್ಮೂರಿನ ಅನುದಾನಿತ ಶಾಲೆಯನ್ನು ನೆನೆಸಿಕೊಂಡರೆ ಅರ್ಧ ಅರ್ಥವಾಗುತ್ತದೆ: ದುಡ್ಡು ಸರ್ಕಾರದ್ದು, ಆಡಳಿತ ಒಂದು ಮಂಡಳಿಯದ್ದು. ಇನ್ನರ್ಧ ಇರುವುದು ಕರಾರಿನಲ್ಲಿ. ಮಕ್ಕಳಿಗೆ ಏನು ಕಲಿಸುತ್ತೇವೆ, ಹೇಗೆ ಕಲಿಸುತ್ತೇವೆ, ಫಲಿತಾಂಶ ಏನು ಎಂದು ಬರೆದುಕೊಟ್ಟು ಸ್ಕೂಲ್ ಡಿಸ್ಟ್ರಿಕ್ಟ್ (ಆ ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆ) ಅಥವಾ ಕೌಂಟಿಯಿಂದ ಅನುಮತಿ ಪಡೆಯಬೇಕು. ಆ ಬರಹಕ್ಕೇ ಚಾರ್ಟರ್ ಎನ್ನುವುದು. ಅವಧಿ ಮುಗಿದಾಗ ನವೀಕರಣ ಆಗದಿದ್ದರೆ ಶಾಲೆಗೆ ಬೀಗ. ಮಿನ್ನೆಸೋಟಾ 1991ರಲ್ಲಿ ಮೊದಲ ಕಾನೂನು ತಂದಿತು, ಕ್ಯಾಲಿಫೋರ್ನಿಯಾ 1992ರಲ್ಲಿ ಎರಡನೆಯದು.

ಒಂದು ಚಾರ್ಟರ್ ಶಾಲೆಗೂ ಇನ್ನೊಂದಕ್ಕೂ ಹೋಲಿಕೆ ಇರಬೇಕೆಂದೇನಿಲ್ಲ. ಒಂದರಲ್ಲಿ ಮಾಂಟೆಸೊರಿ, ಇನ್ನೊಂದರಲ್ಲಿ ಅರ್ಧ ದಿನ ಸ್ಪ್ಯಾನಿಷ್ ಅರ್ಧ ದಿನ ಇಂಗ್ಲಿಷ್, ಮತ್ತೊಂದರಲ್ಲಿ ಪಾಠವೆಲ್ಲ ಪ್ರಾಜೆಕ್ಟ್ ಮೂಲಕವೇ. ಹಾಗಾಗಿ "ಚಾರ್ಟರ್ ಒಳ್ಳೆಯದಾ?" ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಯಾವ ಶಾಲೆ ಎಂದು ಕೇಳಬೇಕು.

ಮಗಳಿಗೆ ಲಾಟರಿಯಲ್ಲಿ ಸೀಟು ಸಿಗಲಿಲ್ಲ, ವೇಟ್‌ಲಿಸ್ಟ್‌ನಲ್ಲಿ ಹಿಂದಿದ್ದಾಳೆ. ಪ್ರವೇಶ ಪರೀಕ್ಷೆ ಬರೆಸಿದರೆ ಮೇಲೆ ಬರಬಹುದೇ? (ಡಬ್ಲಿನ್)

ಬರುವುದಿಲ್ಲ. ಸೀಟಿಗಿಂತ ಅರ್ಜಿ ಹೆಚ್ಚಾದರೆ ಸಾರ್ವಜನಿಕವಾಗಿ ಚೀಟಿ ಎತ್ತಲೇಬೇಕು, ಅಂಕ ನೋಡಿ ಆರಿಸುವಂತಿಲ್ಲ. ಪ್ರವೇಶ ಖಚಿತವಾಗುವ ಮೊದಲು ಹಳೆಯ ಶಾಲೆಯ ದಾಖಲೆ ಕೇಳುವುದಕ್ಕೂ ಕಾನೂನು ಬಿಡುವುದಿಲ್ಲ. ಮೊದಲ ಆದ್ಯತೆ ಈಗಾಗಲೇ ಓದುತ್ತಿರುವ ಮಕ್ಕಳಿಗೆ, ಆಮೇಲೆ ಆ ಡಿಸ್ಟ್ರಿಕ್ಟ್‌ನಲ್ಲಿ ವಾಸಿಸುವವರಿಗೆ. ಅಣ್ಣತಮ್ಮಂದಿರಿಗೆ, ಸಿಬ್ಬಂದಿಯ ಮಕ್ಕಳಿಗೆ ಆದ್ಯತೆ ಇದೆಯೇ ಎಂಬುದು ಆಯಾ ಶಾಲೆಯ ಚಾರ್ಟರ್‌ನಲ್ಲಿರುತ್ತದೆ.

ಪಟ್ಟಿ ನಿಜವಾಗಿ ಕದಲುವುದು ಆಗಸ್ಟ್‌ನಲ್ಲಿ. ಶಾಲೆ ತೆರೆಯುವ ಹಿಂದಿನ ವಾರ ಮತ್ತು ಮೊದಲ ಎರಡು ವಾರ, ಊರು ಬಿಟ್ಟವರ, ಮೊದಲ ದಿನ ಬಾರದವರ ಸೀಟುಗಳು ಒಟ್ಟಿಗೆ ತೆರವಾಗುತ್ತವೆ. ಆಗ ಬರುವ ಇಮೇಲ್‌ಗೆ ಒಂದೆರಡು ದಿನದಲ್ಲಿ ಉತ್ತರಿಸದಿದ್ದರೆ ಹೆಸರು ದಾಟಿ ಮುಂದೆ ಹೋಗುತ್ತಾರೆ. ಆ ಹೊತ್ತಿಗೆ ನೀವು ಬೇಸಿಗೆ ರಜೆಗೆಂದು ಮೈಸೂರಿನಲ್ಲಿದ್ದರೆ ಇಮೇಲ್ ಸ್ಪ್ಯಾಮ್ ಡಬ್ಬಿಯನ್ನೂ ದಿನಾ ನೋಡಿ. ಸಾಮಾನ್ಯವಾಗಿ ಈ ವರ್ಷದ ಪಟ್ಟಿ ಮುಂದಿನ ವರ್ಷಕ್ಕೆ ದಾಟುವುದಿಲ್ಲ, ಅರ್ಜಿ ಹೊಸದಾಗಿ ಹಾಕಬೇಕು.

ಬೆಂಗಳೂರಿನ ಲಸಿಕೆ ಕಾರ್ಡ್‌ನಲ್ಲಿ ಎಲ್ಲವೂ ಭರ್ತಿಯಾಗಿದೆ. ಆದರೂ ಶಾಲೆ "ಅಪೂರ್ಣ" ಎನ್ನುತ್ತಿದೆ. ಮಗನಿಗೆ ಐದು ವರ್ಷ. (ಸ್ಯಾನ್ ಹೋಸೆ)

ಇದು ಬಹಳ ಮಂದಿಗೆ ಆಗುವ ತೊಂದರೆ, ಕಾರಣಗಳೂ ನಿರ್ದಿಷ್ಟ. ಕಿಂಡರ್‌ಗಾರ್ಟನ್‌ಗೆ ಇಲ್ಲಿ ಬೇಕಾದದ್ದು ಗಂಟಲಮಾರಿ, ಧನುರ್ವಾಯು, ನಾಯಿಕೆಮ್ಮಿನ ಲಸಿಕೆಯಾದ ಡಿಟ್ಯಾಪ್ 5 ಡೋಸ್ (ನಾಲ್ಕು ತುಂಬಿದ ಮೇಲೆ ಒಂದಾದರೂ ಬಿದ್ದಿದ್ದರೆ 4 ಸಾಕು), ಪೋಲಿಯೊ 4 (ಅದೇ ಷರತ್ತಿನಲ್ಲಿ 3 ಸಾಕು), ಹೆಪಟೈಟಿಸ್ ಬಿ 3, ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) 2, ಸೀತಾಳೆ ಸಿಡುಬಿನ ಲಸಿಕೆ 2.

ಸರ್ಕಾರಿ ಆಸ್ಪತ್ರೆಯಲ್ಲಿ ಹಾಕಿಸಿದ ಕಾರ್ಡ್ ಆದರೆ ಅಲ್ಲಿ ಕೊಡುವುದು ಎಂಆರ್, ಅಂದರೆ ದಡಾರ ಮತ್ತು ರುಬೆಲ್ಲಾ. ಮಂಗನಬಾವು ಅದರಲ್ಲಿಲ್ಲ, ಸೀತಾಳೆ ಸಿಡುಬಿನದಂತೂ ಸರ್ಕಾರಿ ಪಟ್ಟಿಯಲ್ಲೇ ಇಲ್ಲ. ಖಾಸಗಿ ವೈದ್ಯರು ಎಂಎಂಆರ್ ಕೊಟ್ಟಿದ್ದರೂ ಒಂಬತ್ತನೇ ತಿಂಗಳಿನ ಡೋಸ್ ಇಲ್ಲಿ ಲೆಕ್ಕಕ್ಕಿಲ್ಲ, ಎರಡೂ ಡೋಸ್ ಮೊದಲ ಹುಟ್ಟುಹಬ್ಬದ ನಂತರದವಾಗಿರಬೇಕು. ಪೋಲಿಯೊದಲ್ಲಿ ಇನ್ನೊಂದು ತೊಡಕು: 2016ರ ಏಪ್ರಿಲ್ 1ರ ನಂತರ ಹಾಕಿದ ಬಾಯಿ ಹನಿಯನ್ನು ಅಮೆರಿಕದಲ್ಲಿ ಎಣಿಸುವುದಿಲ್ಲ. ಪಲ್ಸ್ ಪೋಲಿಯೊ ಭಾನುವಾರಗಳ ಸಾಲುಸಾಲು ಗುರುತು ಇಲ್ಲಿ ಕೆಲಸಕ್ಕೆ ಬಾರದು. ಕಾರ್ಡ್‌ನಲ್ಲಿ ಐಪಿವಿ ಎಂದು ಬರೆದ ಚುಚ್ಚುಮದ್ದುಗಳನ್ನು ಬೇರೆಯಾಗಿ ಗುರುತು ಹಾಕಿಸಿ.

ಹೀಗೆ ಮಾಡಿ. ಕಾರ್ಡ್ ಅನ್ನು ನೇರವಾಗಿ ಶಾಲೆಯ ಕಚೇರಿಗೆ ಕೊಡಬೇಡಿ, ಮೊದಲು ಇಲ್ಲಿನ ಮಕ್ಕಳ ವೈದ್ಯರಿಗೆ ತೋರಿಸಿ ಅವರ ದಾಖಲೆಗೆ ಏರಿಸಿ. ತಾರೀಖುಗಳನ್ನು ತಿಂಗಳ ಹೆಸರಿನ ಸಮೇತ ಬರೆದುಕೊಡಿ. ಕಾರ್ಡ್‌ನಲ್ಲಿ 05/09 ಎಂದಿರುವುದು ನಿಮಗೆ ಸೆಪ್ಟೆಂಬರ್ ಐದು, ಇಲ್ಲಿನ ಗುಮಾಸ್ತರಿಗೆ ಮೇ ಒಂಬತ್ತು. ಅಷ್ಟರಿಂದಲೇ ಒಂದು ಡೋಸ್ "ಬೇಗ ಹಾಕಿದ್ದು" ಎಂದು ಬಿದ್ದುಹೋಗಬಹುದು. ಬಾಕಿ ಇರುವ ಎಂಎಂಆರ್ ಮತ್ತು ಸೀತಾಳೆ ಸಿಡುಬಿನ ಲಸಿಕೆಯನ್ನು ಒಂದೇ ದಿನ ಹಾಕಿಸಿ. ಆ ದಿನ ಒಂದೇ ಹಾಕಿಸಿದರೆ ಇನ್ನೊಂದಕ್ಕೆ ಕನಿಷ್ಠ 28 ದಿನ ಕಾಯಬೇಕಾಗುತ್ತದೆ. ಮೊದಲ ಡೋಸ್ ಆಗಿ ಎರಡನೆಯದಕ್ಕೆ ಇನ್ನೂ ಸಮಯ ಬಂದಿಲ್ಲವಾದರೆ ಷರತ್ತಿನ ಮೇಲೆ ತರಗತಿಗೆ ಸೇರಿಸಿಕೊಳ್ಳುತ್ತಾರೆ.

ನಿಮ್ಮದು ಸಾಂಟಾ ಕ್ಲಾರಾ ಕೌಂಟಿ, ಅಲ್ಲಿ ಕ್ಷಯದ ಅಪಾಯದ ಫಾರ್ಮ್ ಕೂಡ ವೈದ್ಯರಿಂದ ತುಂಬಿಸಬೇಕು. ಭಾರತದಲ್ಲಿ ಹುಟ್ಟಿದ ಮಗುವಿಗೆ ಪರೀಕ್ಷೆ ಬೇಕಾಗುತ್ತದೆ. ಚರ್ಮದ ಪರೀಕ್ಷೆ ಬೇಡ, ರಕ್ತದ ಪರೀಕ್ಷೆ ಮಾಡಿ ಎಂದು ಕೇಳಿ. ಬಿಸಿಜಿ, ಅಂದರೆ ಕ್ಷಯದ ಲಸಿಕೆ, ಹಾಕಿಸಿಕೊಂಡ ಮಗುವಿಗೆ ಚರ್ಮದ ಪರೀಕ್ಷೆ ಸುಮ್ಮಸುಮ್ಮನೆ ಪಾಸಿಟಿವ್ ಬಂದು ಎಕ್ಸ್‌ರೇವರೆಗೆ ಓಡಾಡಿಸಬಹುದು.

ದಾಖಲಾತಿ ಫಾರ್ಮ್‌ನಲ್ಲಿ "ಮನೆಮಾತು" ಕೇಳಿದ್ದಾರೆ. ಕನ್ನಡ ಎಂದು ಬರೆದರೆ ಮಗುವನ್ನು ಹಿಂದಿನ ಸಾಲಿಗೆ ತಳ್ಳುತ್ತಾರೆ, ಇಂಗ್ಲಿಷ್ ಎಂದೇ ಬರೆಯಿರಿ ಎನ್ನುತ್ತಾರೆ ಸ್ನೇಹಿತರು. (ಫ್ರೀಮಾಂಟ್)

ಇದ್ದದ್ದನ್ನೇ ಬರೆಯಿರಿ. ಅಲ್ಲಿ ನಾಲ್ಕು ಪ್ರಶ್ನೆ ಇರುತ್ತವೆ: ಮಗು ಮೊದಲು ಕಲಿತ ಮಾತು, ಮನೆಯಲ್ಲಿ ಹೆಚ್ಚು ಆಡುವ ಮಾತು, ನೀವು ಮಗುವಿನ ಜೊತೆ ಆಡುವ ಮಾತು, ಮನೆಯ ದೊಡ್ಡವರು ತಮ್ಮತಮ್ಮಲ್ಲಿ ಆಡುವ ಮಾತು. ಮೊದಲ ಮೂರರಲ್ಲಿ ಎಲ್ಲಾದರೂ ಕನ್ನಡ ಬಂದರೆ ಶಾಲೆಗೆ ಸೇರಿದ 30 ದಿನದೊಳಗೆ ಎಲ್ಪ್ಯಾಕ್ ಎಂಬ ಇಂಗ್ಲಿಷ್ ಪರೀಕ್ಷೆ ನಡೆಯುತ್ತದೆ. ಇಂಗ್ಲಿಷ್ ಸರಾಗ ಎಂದು ಕಂಡರೆ ವಿಷಯ ಅಲ್ಲಿಗೇ ಮುಗಿಯಿತು. ಇಲ್ಲವಾದರೆ ದಿನದ ವೇಳಾಪಟ್ಟಿಯಲ್ಲಿ ಇಂಗ್ಲಿಷ್ ಕಲಿಕೆಗೆಂದು ಪ್ರತ್ಯೇಕ ಸಮಯ, ಪ್ರತಿ ವಸಂತದಲ್ಲಿ ಮರುಪರೀಕ್ಷೆ. ಅದರಿಂದ ಹೊರಬರಲು ಪರೀಕ್ಷೆಯಲ್ಲಿ ಒಟ್ಟಾರೆ 4ನೇ ಹಂತ, ಓದುಬರಹದಲ್ಲಿ ತಕ್ಕ ಮಟ್ಟ, ಶಿಕ್ಷಕರ ಅಭಿಪ್ರಾಯ ಮತ್ತು ನಿಮ್ಮ ಜೊತೆ ಸಮಾಲೋಚನೆ, ಈ ನಾಲ್ಕೂ ಬೇಕು.

ಕಿಂಡರ್‌ಗಾರ್ಟನ್ ಮಗುವಿನ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಇಂಗ್ಲಿಷ್ ಬರುವ ಮಗುವೂ ಅಪರಿಚಿತರ ಮುಂದೆ ಬಾಯಿ ಬಿಡದೆ ಕೂತರೆ ಕಡಿಮೆ ಅಂಕ ಬರುತ್ತದೆ. ಪರೀಕ್ಷೆಯ ದಿನ ಯಾವುದು ಎಂದು ಮೊದಲೇ ಕೇಳಿ, ಟೀಚರ್ ಚಿತ್ರ ತೋರಿಸಿ ಮಾತಾಡಿಸುತ್ತಾರೆ, ಜೋರಾಗಿ ಉತ್ತರ ಹೇಳಬೇಕು ಎಂದು ಮಗುವಿಗೆ ಹೇಳಿಕೊಡಿ. ಫಾರ್ಮ್ ತಪ್ಪಾಗಿ ತುಂಬಿದ್ದರೆ ಪರೀಕ್ಷೆಗೆ ಮೊದಲೇ ತಿದ್ದಿಸಬೇಕು. ಪರೀಕ್ಷೆ ಆದ ಮೇಲೆ ಫಾರ್ಮ್ ತಿದ್ದಿದರೂ ಫಲಿತಾಂಶ ಬದಲಾಗದು.

ನಾವು ಸಸ್ಯಾಹಾರಿಗಳು. ಶಾಲೆಯ ಊಟ ನಂಬಬಹುದೇ? (ಫೋಲ್ಸಮ್)

2022–23ರಿಂದ ಕೇಳಿದ ಪ್ರತಿ ಮಗುವಿಗೂ ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಉಚಿತ. ಚಾರ್ಟರ್ ಶಾಲೆಗೂ ಇದೇ ನಿಯಮ. ಊಟದಲ್ಲಿ ಐದು ಭಾಗ: ಹಣ್ಣು, ತರಕಾರಿ, ಧಾನ್ಯ, ಮಾಂಸ ಅಥವಾ ಅದರ ಬದಲಿ, ಹಾಲು. ಬಹುಪಾಲು ಶಾಲೆಗಳಲ್ಲಿ ಐದನ್ನೂ ತೆಗೆದುಕೊಳ್ಳಬೇಕಿಲ್ಲ, ಮೂರು ಸಾಕು, ಅದರಲ್ಲಿ ಒಂದು ಅರ್ಧ ಕಪ್ ಹಣ್ಣೋ ತರಕಾರಿಯೋ ಆಗಿರಬೇಕು. ಮಾಂಸದ ಬದಲಿಯಾಗಿ ಬೀನ್ಸ್, ಚೀಸ್, ಮೊಸರು ಬರುತ್ತವೆ. "ಇದು ಬೇಡ" ಎನ್ನಲು ಮಗುವಿಗೆ ಕಲಿಸಿದರೆ ಅರ್ಧ ಸಮಸ್ಯೆ ತೀರಿತು. ಸೂಪಿನ ಸಾರದಲ್ಲಿ ಕೋಳಿ, ಸಿಹಿತಿನಿಸಿನಲ್ಲಿ ಜೆಲಟಿನ್ ಇದೆಯೇ ಎಂದು ಅಡುಗೆಮನೆಯ ಮೇಲ್ವಿಚಾರಕರಿಗೆ ಬರೆದು ಕೇಳಿ.

ಡಬ್ಬಿ ಕಟ್ಟುವವರಿಗೆ: ಬಿಸಿ ಮಾಡಲು ಮೈಕ್ರೋವೇವ್ ಸಿಗುತ್ತದೆ ಎಂದುಕೊಳ್ಳಬೇಡಿ. ಥರ್ಮೋಸ್‌ಗೆ ಮೊದಲು ಕುದಿನೀರು ಹಾಕಿ ಐದು ನಿಮಿಷ ಬಿಟ್ಟು ಚೆಲ್ಲಿ, ಆಮೇಲೆ ಬಿಸಿಬೇಳೆಬಾತ್ ತುಂಬಿ. ಮೊಸರನ್ನಕ್ಕೆ ಐಸ್ ಪ್ಯಾಕ್ ಇಡಿ. ತರಗತಿಯಲ್ಲಿ ಅಲರ್ಜಿಯ ಮಗು ಇದ್ದರೆ ಶೇಂಗಾ ನಿಷೇಧ ಇರಬಹುದು. ಶೇಂಗಾ ಚಟ್ನಿಪುಡಿ ಎಲ್ಲರಿಗೂ ನೆನಪಾಗುತ್ತದೆ, ಚಿತ್ರಾನ್ನ, ಪುಳಿಯೋಗರೆ, ಒಗ್ಗರಣೆ ಅವಲಕ್ಕಿಯೊಳಗಿನ ಕಾಳು ಮರೆತುಹೋಗುತ್ತದೆ.

ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ದಿನಚರಿ ಹೇಗಿರುತ್ತದೆ? (ಅರ್ವೈನ್)

ಹೆಚ್ಚಿನ ಚಾರ್ಟರ್ ಶಾಲೆಗೆ ಬಸ್ ಇಲ್ಲ, ಇದನ್ನು ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಿ. ಬೆಳಿಗ್ಗೆ ಕಾರಿನ ಸಾಲು: ಹೆಸರಿನ ಅಥವಾ ನಂಬರಿನ ಕಾರ್ಡ್ ಗಾಜಿಗೆ, ಕೊನೆಯ ಕೋನ್‌ವರೆಗೆ ಮುಂದೆ ಹೋಗಿ ನಿಲ್ಲಿಸುವುದು, ಮಗು ಫುಟ್‌ಪಾತ್ ಬದಿಯ ಬಾಗಿಲಿನಿಂದ ಇಳಿಯುವುದು. ಚೀಲ ಮಡಿಲಲ್ಲಿರಲಿ. ಡಿಕ್ಕಿಯಲ್ಲಿಟ್ಟರೆ ನೀವು ಇಳಿಯಬೇಕು, ಹಿಂದಿನ ಸಾಲು ನಿಲ್ಲುತ್ತದೆ. ವಾರಕ್ಕೊಂದು ದಿನ ಬೇಗ ಬಿಡುವ ಪದ್ಧತಿ ಅನೇಕ ಕಡೆ ಇದೆ, ಕೆಲಸದ ತಂದೆತಾಯಿ ಸಿಕ್ಕಿಬೀಳುವುದು ಅಂದೇ. ಆರನೇ ತರಗತಿವರೆಗಿನವರಿಗೆ ರಾಜ್ಯದ ಹಣದ ವಿಸ್ತರಿತ ಕಲಿಕಾ ಕಾರ್ಯಕ್ರಮವಿದ್ದರೆ ಪಾಠ ಮತ್ತು ಅದು ಸೇರಿ ದಿನಕ್ಕೆ 9 ಗಂಟೆ ಆಗುತ್ತದೆ, ಆದರೆ ಅದರ ಸೀಟಿಗೆ ಪ್ರತ್ಯೇಕ ಅರ್ಜಿ ಹಾಕಬೇಕಾಗಬಹುದು. ಶಾಲೆಯ ಸೀಟು ಸಿಕ್ಕಿದ ದಿನವೇ ವಿಚಾರಿಸಿ.

ಡಿಸೆಂಬರ್‌ನಲ್ಲಿ ಐದು ವಾರ ಹುಬ್ಬಳ್ಳಿಗೆ ಹೋಗಬೇಕು. ಸೀಟು ಉಳಿಯುತ್ತದೆಯೇ? (ಸ್ಯಾನ್ ರಮೋನ್)

ಈ ರಾಜ್ಯದಲ್ಲಿ ಶಾಲೆಗೆ ದುಡ್ಡು ಬರುವುದು ದಿನದ ಸರಾಸರಿ ಹಾಜರಿಯ ಮೇಲೆ. ಜ್ವರ ಬಂದು ಮಗು ಮಲಗಿದರೂ ಆ ದಿನದ ಹಣ ಇಲ್ಲ. ಶಾಲೆ ನಿಮ್ಮ ಪ್ರವಾಸದ ವಿಷಯದಲ್ಲಿ ಕಟ್ಟುನಿಟ್ಟಾಗುವುದು ಇದಕ್ಕೇ. ಕಾರಣ ಒಪ್ಪಿಗೆಯಾಗದ ಮೂರು ಗೈರು ಬಿದ್ದರೆ ನೋಟೀಸು, ಒಟ್ಟು ದಿನಗಳ ಶೇ 10ರಷ್ಟು ಗೈರಾದರೆ "ದೀರ್ಘಕಾಲಿಕ ಗೈರು" ಪಟ್ಟಿ. ಚಾರ್ಟರ್ ಶಾಲೆಗೆ ವರ್ಷಕ್ಕೆ ಕನಿಷ್ಠ 175 ದಿನ, ಅಂದರೆ 18 ದಿನಕ್ಕೆ ಆ ಪಟ್ಟಿಗೆ ಸೇರಿದಂತೆ.

ದಾರಿ ಇದೆ: ಸ್ವತಂತ್ರ ಅಧ್ಯಯನ ಒಪ್ಪಂದ. ಅಲ್ಪಾವಧಿಯದು 15 ಶಾಲಾ ದಿನದವರೆಗೆ. ನಿಮ್ಮ ಐದು ವಾರದಲ್ಲಿ ಎರಡು ವಾರ ಕ್ರಿಸ್‌ಮಸ್ ರಜೆಯಲ್ಲೇ ಹೋಗುವಂತೆ ಟಿಕೆಟ್ ಮಾಡಿದರೆ ಉಳಿಯುವುದು ಸರಿಯಾಗಿ 15. ಶಾಲೆ ಇದನ್ನು ಕೊಡುತ್ತದೆಯೇ ಎಂದು ಟಿಕೆಟ್‌ಗೆ ಮೊದಲೇ ಕೇಳಿ, ಹೊರಡುವ ಮುನ್ನ ನೀವು, ಮಗು, ಶಿಕ್ಷಕರು ಸಹಿ ಹಾಕಿ. ಹಾಜರಿ ಸಿಗುವುದು ಮಾಡಿ ತಂದ ಕೆಲಸಕ್ಕೆ, ಸಹಿಗಲ್ಲ. ಆದ್ದರಿಂದ ವರ್ಕ್‌ಶೀಟ್‌ಗಳು ಕೈಚೀಲದಲ್ಲಿರಲಿ, ಮುಗಿದ ಪ್ರತಿ ಹಾಳೆಯ ಫೋಟೊ ತೆಗೆದಿಡಿ. ಒಪ್ಪಂದವಿಲ್ಲದೆ ಹೋದರೂ ಶಾಲೆ ಸದ್ದಿಲ್ಲದೆ ಹೆಸರು ತೆಗೆಯುವಂತಿಲ್ಲ. ಕನಿಷ್ಠ 5 ಶಾಲಾ ದಿನ ಮೊದಲು ಲಿಖಿತ ನೋಟೀಸು ಕೊಡಬೇಕು. ಅದು ಖಾಲಿ ಮನೆಯ ಅಂಚೆಪೆಟ್ಟಿಗೆಯಲ್ಲಿ ಬಿದ್ದಿರದಂತೆ ನೋಡಿಕೊಳ್ಳಿ.

ವರ್ಷಕ್ಕೆ 40 ಗಂಟೆ ಸ್ವಯಂಸೇವೆ ಕಡ್ಡಾಯ ಎಂದು ಪತ್ರ ಬಂದಿದೆ. (ಸ್ಯಾನ್ ಡಿಯಾಗೊ)

ಕಡ್ಡಾಯ ಮಾಡುವಂತಿಲ್ಲ. ಪ್ರವೇಶಕ್ಕಾಗಲಿ ಮುಂದುವರಿಯುವುದಕ್ಕಾಗಲಿ ಅದು ಷರತ್ತಾಗಬಾರದು. ದೇಣಿಗೆಗೂ ಇದೇ ಮಾತು: ಕೇಳಬಹುದು, ಕೊಡದ ಮಗುವನ್ನು ಫೀಲ್ಡ್ ಟ್ರಿಪ್‌ನಿಂದ ಹೊರಗಿಡುವಂತಿಲ್ಲ.

ಮಗನಿಗೆ ಮಾತು ತಡ. "ನಿಮ್ಮ ಡಿಸ್ಟ್ರಿಕ್ಟ್ ಶಾಲೆಯೇ ಅವನಿಗೆ ಒಳ್ಳೆಯದು" ಎಂದರು. (ಸ್ಯಾಕ್ರಮೆಂಟೊ)

ಹಾಗೆ ಸಾಗಹಾಕುವುದು ಕಾನೂನಿಗೆ ವಿರುದ್ಧ. ವಾದಕ್ಕೆ ಇಳಿಯದೆ ತಾರೀಖು ಹಾಕಿ ಒಂದು ಇಮೇಲ್ ಕಳಿಸಿ: "ವಿಶೇಷ ಶಿಕ್ಷಣಕ್ಕಾಗಿ ಮಗನ ಮೌಲ್ಯಮಾಪನ ಕೋರುತ್ತೇವೆ." ಅಲ್ಲಿಂದ 15 ದಿನದಲ್ಲಿ ಮೌಲ್ಯಮಾಪನ ಯೋಜನೆ ನಿಮ್ಮ ಕೈಗೆ ಬರಬೇಕು, ನೀವು ಸಹಿ ಹಾಕಿ ಕೊಟ್ಟ 60 ದಿನದೊಳಗೆ ಐಇಪಿ (ಆ ಮಗುವಿಗೆಂದೇ ರೂಪಿಸುವ ಶಿಕ್ಷಣ ಯೋಜನೆ) ಸಭೆ ನಡೆಯಬೇಕು (ದೀರ್ಘ ರಜೆಗಳನ್ನು ಕಳೆದು). ಬಾಯಿಮಾತಿನ ಕೋರಿಕೆಗೆ ಗಡಿಯಾರ ಓಡುವುದಿಲ್ಲ. ಮಗ ಕನ್ನಡದಲ್ಲೂ ತಡವಾಗಿ ಮಾತಾಡಿದನೇ ಎಂಬುದನ್ನು ಅದೇ ಪತ್ರದಲ್ಲಿ ಬರೆಯಿರಿ, ಇಲ್ಲದಿದ್ದರೆ ಎಲ್ಲವನ್ನೂ ಎರಡು ಭಾಷೆಯ ಮೇಲೆ ಹಾಕಿ ಒಂದು ವರ್ಷ ಕಾಯಿಸುವ ಸಾಧ್ಯತೆ ಇದೆ.

ಶಾಲೆ ನಡುವೆಯೇ ಮುಚ್ಚಿಹೋದರೆ? ಮೊದಲೇ ತಿಳಿಯುವುದು ಹೇಗೆ? (ಓಕ್‌ಲ್ಯಾಂಡ್)

ಮೂರು ಪ್ರಶ್ನೆ ಕೇಳಿ. ಚಾರ್ಟರ್ ಅವಧಿ ಯಾವ ವರ್ಷ ಮುಗಿಯುತ್ತದೆ? ದಾಖಲಾತಿ ಮೂರು ವರ್ಷದಿಂದ ಏರುತ್ತಿದೆಯೇ, ಇಳಿಯುತ್ತಿದೆಯೇ? ಕಟ್ಟಡ ಯಾರದು? 2000ದಲ್ಲಿ ರಾಜ್ಯದ ಮತದಾರರು ಒಪ್ಪಿದ ಪ್ರೊಪೊಸಿಷನ್ 39 ಎಂಬ ಕಾನೂನಿನ ಪ್ರಕಾರ ಡಿಸ್ಟ್ರಿಕ್ಟ್ ಕೊಟ್ಟ ಜಾಗವಾದರೆ ಸಾಮಾನ್ಯವಾಗಿ ವರ್ಷವರ್ಷ ಹೊಸ ಅರ್ಜಿ ಹಾಕಬೇಕು, ಶಾಲೆ ಮುಚ್ಚದಿದ್ದರೂ ನಾಲ್ಕು ಮೈಲು ಆಚೆ ಹೋಗಬಹುದು. ಆಡಳಿತ ಮಂಡಳಿಯ ಸಭೆಗಳು ಬಹಿರಂಗ, ಮಾಮೂಲಿ ಸಭೆಯ ಕಾರ್ಯಸೂಚಿ 72 ಗಂಟೆ ಮೊದಲೇ ಪ್ರಕಟವಾಗಬೇಕು. ಕಳೆದ ಮೂರ್ನಾಲ್ಕು ಸಭೆಗಳ ಬಜೆಟ್ ಪುಟ ಓದಿ. ಅಂದಾಜು ಮಾಡಿದ ಮಕ್ಕಳ ಸಂಖ್ಯೆಗೂ ಬಂದ ಮಕ್ಕಳ ಸಂಖ್ಯೆಗೂ ದೊಡ್ಡ ಅಂತರವಿದ್ದು, ನವೀಕರಣವೂ ಹತ್ತಿರದಲ್ಲಿದ್ದರೆ, ಡಿಸ್ಟ್ರಿಕ್ಟ್ ಶಾಲೆಯ ಅರ್ಜಿಯನ್ನೂ ಜೊತೆಗೆ ಹಾಕಿಡಿ.